ನೆರೆ ಪರಿಹಾರದ ಪಟ್ಟಿಯಲ್ಲಿ ಹೆಸರು ಕೆಡಿಸಿಕೊಂಡ ನಮ್ಮ ಕಾಕಾ ಮತ್ತೆ ಚುನಾವಣೆಗೆ ನಿಲ್ಲಬೇಕಂತೆ. ಜನ ನಂಬ್ತಾರಾ?

ಘಟಪ್ರಭೆ ದಂಡೆ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ನಾನು ಮುಧೋಳ ಕಡೆಯವನು. ಊರ ಹೆಸರು ಬರೆಯೋದಿಲ್ಲ, ಬರೆದರೆ ಸಂಜೆ ಚಹಾ ಹೊತ್ತಿಗೆ ಇದರ ಸ್ಕ್ರೀನ್‌ಶಾಟ್ ಕಾಕಾನ ಫೋನಿನಲ್ಲಿ ಇರುತ್ತದೆ.

ವಿಷಯ ಇಷ್ಟು. ನಮ್ಮ ಕಾಕಾ 2016ರಲ್ಲಿ ಜಿಲ್ಲಾ ಪಂಚಾಯಿತಿಗೆ ಗೆದ್ದರು. ಮೊದಲ ಮೂರು ವರ್ಷ ಒಳ್ಳೆ ಹೆಸರಿತ್ತು. ಶಾಲೆಗೆ ಎರಡು ಕೋಣೆ ತಂದರು, ಹೊಲದ ದಾರಿಗೆ ಮುರುಮ್ ಹಾಕಿಸಿದರು, ಯಾರ ಮನೆಯಲ್ಲಿ ಮದುವೆ ಇದ್ದರೂ ಬೆಳಿಗ್ಗೆಯೇ ಹೋಗಿ ಕೂಡುತ್ತಿದ್ದರು. 2019ರ ಆಗಸ್ಟಿನಲ್ಲಿ ಹೊಳೆ ಬಂತು. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟ ಮೇಲೆ ನಮ್ಮ ಕೆಳಗಿನ ಓಣಿ ಪೂರ್ತಿ ಮುಳುಗಿತು. ಆ ಒಂದು ವಾರ ಕಾಕಾ ಮಲಗಿದ್ದನ್ನು ನಾನು ನೋಡಿಲ್ಲ. ಟ್ರ್ಯಾಕ್ಟರಿನಲ್ಲಿ ಜನರನ್ನು, ದನಗಳನ್ನು ದಾಟಿಸಿದ್ದು ಅವರೇ. ಅಷ್ಟಕ್ಕೇ ನಿಂತಿದ್ದರೆ ಇವತ್ತು ಅವರ ಫೋಟೋ ಅಗಸಿಯಲ್ಲಿ ಇರುತ್ತಿತ್ತು.

ಆಮೇಲೆ ಪರಿಹಾರಕ್ಕೆ ಬಿದ್ದ ಮನೆಗಳ ಪಟ್ಟಿ ಬಂತು. ಪೂರ್ತಿ ಬಿದ್ದರೆ ಎ, ಅರ್ಧಂಬರ್ಧ ಬಿದ್ದರೆ ಬಿ, ಸ್ವಲ್ಪ ಬಿದ್ದರೆ ಸಿ. ಎ ಇದ್ದರೆ 5 ಲಕ್ಷ, ಸಿ ಇದ್ದರೆ 50 ಸಾವಿರ. ಒಂದೇ ಒಂದು ಅಕ್ಷರಕ್ಕೆ ನಾಲ್ಕೂವರೆ ಲಕ್ಷದ ಫರಕು. ನಮ್ಮೂರಲ್ಲಿ ಗಟ್ಟಿ ಮನೆ ಇದ್ದ ಕೆಲವರು ಎ ಆದರು, ಗೋಡೆ ಕುಸಿದು ತಗಡಿನ ಕೆಳಗೆ ಮಲಗಿದವರು ಸಿ ಆದರು. ಪಟ್ಟಿ ಮಾಡಿದ್ದು ಅಧಿಕಾರಿಗಳು, ಸಹಿ ಅವರದೇ. ಆದರೆ ಜನ ಬೈದಿದ್ದು ಕಾಕಾನ್ನ. 2021ಕ್ಕೆ ಅವಧಿ ಮುಗಿಯಿತು, ಅಲ್ಲಿಂದ ಇಲ್ಲಿವರೆಗೆ ಜಿಲ್ಲಾ ಪಂಚಾಯಿತಿ ಚುನಾವಣೆಯೇ ಆಗಿಲ್ಲ, ನಿಮಗೆಲ್ಲ ಗೊತ್ತೇ ಇದೆ. ಚುನಾವಣೆ ಬರುತ್ತದಂತೆ ಅನ್ನೋ ಸುದ್ದಿ ಎದ್ದಾಗಲೆಲ್ಲ ಕಾಕಾ ಬಿಳಿ ಅಂಗಿ ಇಸ್ತ್ರಿಗೆ ಕೊಡುತ್ತಾರೆ.

ಈಗ ನನ್ನ ಹಿಂದೆ ಬಿದ್ದಿದ್ದಾರೆ. "ನೀ ಓದಿದಾವ, ಏನರ ಪ್ಲಾನ್ ಹಾಕು" ಅಂತ. ಅವರ ತಲೆಯಲ್ಲಿರುವ ಪ್ಲಾನ್ ಏನಂದ್ರೆ, ಕಣ್ಣಿನ ತಪಾಸಣೆ ಶಿಬಿರ, ಹುಟ್ಟುಹಬ್ಬದ ಫ್ಲೆಕ್ಸ್, ಜಾತ್ರೆಗೆ ಬೆಳ್ಳಿ ಕಡಗ, ರೀಲ್ಸ್. ನನಗೆ ಇದ್ಯಾವುದೂ ಆಗುವ ಮಾತು ಅನ್ನಿಸ್ತಿಲ್ಲ, ಆದರೆ ಬೇರೆ ಏನು ಹೇಳಬೇಕು ಅಂತಲೂ ತಿಳೀತಿಲ್ಲ. ಒಮ್ಮೆ ಹೋದ ನಂಬಿಕೆ ತಿರುಗಿ ಬಂದದ್ದು ಯಾರಾದರೂ ನೋಡಿದ್ದೀರಾ?

ನಿವೃತ್ತ ಮಾಸ್ತರ:

ತಮ್ಮಾ, ನಾನು ಹುನಗುಂದದವನು, ಜೀವನ ಪೂರ್ತಿ ಪಾಠ ಹೇಳಿದವನು, ಸ್ವಲ್ಪ ಉದ್ದ ಆಗುತ್ತದೆ, ತಡಕೋ.

ನೋಡಿದ್ದೇನೆ. 1984ರ ಡಿಸೆಂಬರಿನಲ್ಲಿ ಲೋಕಸಭೆ ಚುನಾವಣೆ ಆಯಿತು. ಇಂದಿರಾ ಗಾಂಧಿ ಹತ್ಯೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಕರ್ನಾಟಕದ 28ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಬಂದದ್ದು 4. ಅದು ದಿಲ್ಲಿ ಚುನಾವಣೆ, ನನ್ನ ಮುಖ್ಯಮಂತ್ರಿ ಕುರ್ಚಿಗೇನೂ ಸಂಬಂಧ ಇಲ್ಲ ಅಂತ ಅವರು ಕೂಡಬಹುದಿತ್ತು. ಕೂಡಲಿಲ್ಲ. ಜನ ನನ್ನನ್ನು ಬೇಡ ಅಂದಿದ್ದಾರೆ ಅಂತ ರಾಜೀನಾಮೆ ಕೊಟ್ಟು, ಮತ್ತೆ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ 224ರಲ್ಲಿ 139 ಬಂತು. ಮೂರು ತಿಂಗಳ ಹಿಂದೆ ಬೇಡ ಅಂದ ಜನವೇ ಕೊಟ್ಟದ್ದು. ಯಾಕೆ ಅಂದ್ರೆ, ಮನುಷ್ಯ ಕುರ್ಚಿ ಬಿಟ್ಟು ಬಂದು ಕೇಳಿದ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಪಾಠ ಅರ್ಧ ಆಗುತ್ತದೆ. ಅದೇ ಹೆಗಡೆಯವರು 1991ರಲ್ಲಿ ನಮ್ಮ ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಸಭೆಗೆ ನಾನೂ ಹೋಗಿದ್ದೆ, ಏನು ಮಾತು, ಏನು ನಗು! ಸೋತರು. ಸೋಲಿಸಿದ್ದು ಜಮಖಂಡಿಯ ಸಿದ್ದು ನ್ಯಾಮಗೌಡರು. ಅವರು ದೊಡ್ಡ ಭಾಷಣಕಾರರಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದಾಗ ಮುಂದೆ ನಿಂತವರು. ಸರ್ಕಾರದ ದಾರಿ ಕಾಯದೆ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಕಟ್ಟಿದ್ದು, ಶ್ರಮಬಿಂದು ಸಾಗರ ಅಂತ ಹೆಸರು. ಜನ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೆದರು. ಹೊಲಕ್ಕೆ ನೀರು ಹರಿದದ್ದು ಕಣ್ಣಿಗೆ ಕಾಣುತ್ತಿತ್ತು. ನಮ್ಮ ಕಡೆಯ ಜನಕ್ಕೆ ಮಾತಿಗಿಂತ ಅದು ಹೆಚ್ಚು.

ಇನ್ನೊಂದು, ನಮ್ಮೂರಿನದು ಅಂತ ಹೇಳಿಬಿಡ್ತೀನಿ. 1962ರಲ್ಲಿ ಕಾಂಗ್ರೆಸ್ ಗೆದ್ದರೂ, ಮುಖ್ಯಮಂತ್ರಿ ಆಗಬೇಕಿದ್ದ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಿದ್ದರು. ಹುನಗುಂದದ ಶಾಸಕರಾಗಿದ್ದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿ ಆದರು. ಮೂರು ತಿಂಗಳು ಚಿಲ್ಲರೆ. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದರು, ಕಂಠಿಯವರು ಎದ್ದು ಕುರ್ಚಿ ಕೊಟ್ಟರು. ಇವತ್ತು ಸೊಸೈಟಿ ಚೇರ್ಮನ್ ಕುರ್ಚಿ ಬಿಡಿಸಲಿಕ್ಕೆ ಕೋರ್ಟಿಗೆ ಹೋಗಬೇಕು.

ನಿಮ್ಮ ಕಾಕಾ ಏನು ಬಿಡಲು ತಯಾರಿದ್ದಾರೆ, ಅದನ್ನು ಮೊದಲು ಕೇಳು.

ಗೋಳಗುಮ್ಮಟದ ನೆರಳು:

ಮಾಸ್ತರರ ಕಥೆ ಚೆನ್ನಾಗಿದೆ. ಆದರೆ ಗೆದ್ದವರೆಲ್ಲ ನಂಬಿಕೆ ಗಳಿಸಿದವರು ಅನ್ನೋದು ನನಗೆ ಒಪ್ಪಿಗೆ ಇಲ್ಲ. ನಾನು ವಿಜಯಪುರದಲ್ಲಿ ಕೂತು ಲೆಕ್ಕ ಹಾಕುವ ಮನುಷ್ಯ, ಸುಮ್ನೆ ಲೆಕ್ಕ ಹೇಳ್ತೀನಿ.

ಇಂದಿರಾ ಗಾಂಧಿ 1977ರಲ್ಲಿ ಸ್ವಂತ ರಾಯಬರೇಲಿಯಲ್ಲೇ ಸೋತರು. 1978ರಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದರು, 1980ರಲ್ಲಿ 353 ಸೀಟು ತಗೊಂಡು ವಾಪಸ್ ಬಂದರು. ಹೌದು, ನಡುವೆ ದಲಿತರ ಹತ್ಯೆ ನಡೆದ ಬಿಹಾರದ ಬೆಲ್ಚಿಗೆ ಆನೆ ಮೇಲೆ ಕೂತು ಹೋಗಿದ್ದು, ಊರೂರು ತಿರುಗಿದ್ದು ಎಲ್ಲ ಇದೆ. ಆದರೆ ಅಷ್ಟರಲ್ಲಿ ಜನತಾ ಪಕ್ಷದವರು ಒಬ್ಬರ ಅಂಗಿ ಒಬ್ಬರು ಹರಿದುಕೊಂಡಿರಲಿಲ್ವಾ? ಅವರು ಸರಿಯಾಗಿ ಆಡಳಿತ ಮಾಡಿದ್ದರೆ ಆನೆ ಎಲ್ಲಿಗೆ ಹೋಗುತ್ತಿತ್ತು?

ಯಡಿಯೂರಪ್ಪನವರು 2011ರಲ್ಲಿ ರಾಜೀನಾಮೆ ಕೊಟ್ಟರು, ಅದೇ ವರ್ಷ ಜೈಲಿಗೂ ಹೋದರು. ಬೇರೆ ಪಕ್ಷ ಕಟ್ಟಿದರು. 2013ರಲ್ಲಿ ಬಿಜೆಪಿ 40ಕ್ಕೆ ಇಳಿಯಿತು, ಇವರ ಕೆಜೆಪಿಗೆ ಬಂದದ್ದು 6. ಮತ್ತೆ ಕೂಡಿದರು, 2018ರಲ್ಲಿ 104. ಒಡೆದ ಮತ ಒಂದಾಯಿತು ಅಂತ ನಾನು ಓದ್ತೀನಿ, ನೀವು ನಂಬಿಕೆ ಅಂತ ಓದಿ. ಸಿದ್ದರಾಮಯ್ಯನವರು 2018ರಲ್ಲಿ ಚಾಮುಂಡೇಶ್ವರಿಯಲ್ಲಿ ಸೋತು, ನಮ್ಮ ಬಾದಾಮಿಯಲ್ಲಿ 1,696 ಮತದಲ್ಲಿ ಉಳಕೊಂಡರು, 2023ಕ್ಕೆ ಮತ್ತೆ ಮುಖ್ಯಮಂತ್ರಿ. ಜಗದೀಶ ಶೆಟ್ಟರ್ 2023ರಲ್ಲಿ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ಸಿನಿಂದ ಸೋತರು, 2024ರಲ್ಲಿ ಬೆಳಗಾವಿಯಲ್ಲಿ ಬಿಜೆಪಿಯಿಂದ ಸಂಸದರಾದರು. ಒಂದೇ ವರ್ಷದಲ್ಲಿ ನಂಬಿಕೆ ಹೋಗಿ ಬಂತಾ? ಚಿಹ್ನೆ ಬದಲಾಯಿತು, ಊರು ಬದಲಾಯಿತು, ಅಷ್ಟೇ.

ಹಾಗಾಗಿ ತಮ್ಮಾ, ಕಾಕಾಗೆ ಗೆಲ್ಲೋದು ಬೇಕಾ, ನಂಬಿಕೆ ಬೇಕಾ, ಮೊದಲು ಅದು ತೀರ್ಮಾನ ಆಗಲಿ. ಗೆಲ್ಲಲು ಬೇರೆ ದಾರಿ ಇದೆ. ಎದುರಿನವ ಯಾರು, ಮೀಸಲಾತಿ ಯಾವುದು ಬರುತ್ತದೆ, ಯಾರ ಮತ ಎಲ್ಲಿ ಒಡೆಯುತ್ತದೆ. ಮೀಸಲಾತಿ ಬದಲಾದರೆ ಕಾಕಾನ ಅಂಗಿ ಇಸ್ತ್ರಿ ಸಮೇತ ಬೀರುವಿಗೆ ಹೋಗುತ್ತದೆ, ಆಗ ನಂಬಿಕೆ ಇಟ್ಟುಕೊಂಡು ಏನು ಮಾಡ್ತೀರಿ?

ಕುಂದಾ ಜಾಸ್ತಿ ತಿಂದವ:

ಬೆಳಗಾವಿಯಿಂದ. ನಾನು ಎರಡು ವರ್ಷ ಒಬ್ಬ ರಾಜಕಾರಣಿಯ ಫೇಸ್‌ಬುಕ್, ಇನ್‌ಸ್ಟಾ ನೋಡಿಕೊಂಡವನು, ಯಾರು ಅಂತ ಕೇಳಬೇಡಿ. ರೀಲ್ಸ್ ಬಗ್ಗೆ ಮಾತ್ರ ಹೇಳ್ತೀನಿ, ಬೇಡವೇ ಬೇಡ.

ಚಳಿಗಾಲದ ಅಧಿವೇಶನ ಬಂತು ಅಂದ್ರೆ ಸುವರ್ಣಸೌಧದ ಮೆಟ್ಟಿಲ ಮೇಲೆ ನಮ್ಮ ಸಾಹೇಬರು ಸ್ಲೋ ಮೋಷನ್ನಿನಲ್ಲಿ ನಡೆದು ಬರೋದು, ಹಿಂದೆ ಸಿನಿಮಾ ಮ್ಯೂಸಿಕ್ಕು. ಹಾಕಿದ ಹತ್ತು ನಿಮಿಷಕ್ಕೆ ಕೆಳಗೆ ಕಾಮೆಂಟು, "ಸಾಹೇಬ್ರ, ನಮ್ಮ ಓಣಿ ಗಟಾರ ಏನಾತ್ರಿ?" ಅಂತ. ಡಿಲೀಟ್ ಮಾಡಿದೆ, ಇನ್ನೊಬ್ಬ ಹಾಕಿದ. ಕಾಮೆಂಟ್ ಬಂದ್ ಮಾಡಿದೆ. ಅದು ಇನ್ನೂ ಕೆಟ್ಟದಾಯಿತು, "ಗಟಾರನೂ ಬಂದ್, ಕಾಮೆಂಟೂ ಬಂದ್" ಅಂತ ಬೇರೆ ಗ್ರೂಪಿನಲ್ಲಿ ಓಡಾಡಿತು. ನಂಬಿಕೆ ಇದ್ದವರ ವಿಡಿಯೋ ಜನ ನೋಡ್ತಾರೆ, ಇಲ್ಲದವರ ವಿಡಿಯೋ ಬೈಯೋದಕ್ಕೆ ಒಂದು ಜಾಗ ಆಗುತ್ತದೆ, ಅಷ್ಟೇ.

ಆ ಎರಡು ವರ್ಷದಲ್ಲಿ ಒಂದೇ ಒಂದು ಸಲ ಜನ ಸಾಹೇಬರನ್ನು ಬೇರೆ ಥರ ನೋಡಿದ್ದು ನನಗೆ ನೆನಪಿದೆ. ಒಂದು ಊರಲ್ಲಿ ಸಮುದಾಯ ಭವನ ಕೇಳಿದರು. ಸಾಮಾನ್ಯವಾಗಿ "ಮಾಡೋಣ, ಮಾಡೋಣ" ಅನ್ನೋದು ರೂಢಿ. ಅವತ್ತು ಏನಾಗಿತ್ತೋ, ಬಹುಶಃ ಮನೆಯಲ್ಲಿ ಜಗಳ ಆಗಿರಬೇಕು, ಶಾಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೇಬಿಟ್ಟರು. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ನನ್ನ ಕ್ಷೇತ್ರದಲ್ಲಿ ಇಷ್ಟು ಊರು, ಭಾಗಿಸಿದರೆ ನಿಮ್ಮ ಪಾಲು ಇಷ್ಟು, ಇದರಲ್ಲಿ ಭವನ ಆಗೋದಿಲ್ಲ, ಶಾಲೆ ಪಾಯಖಾನೆ ಆಗುತ್ತದೆ, ಬೇಕಾ? ಜನ ಸುಮ್ಮನಾದರು. ಒಬ್ಬ ಮುದುಕ ಎದ್ದು "ಇಷ್ಟು ದಿನ ಯಾಕ ಹೇಳಲಿಲ್ಲೋ ಮಾರಾಯ" ಅಂದ. ಬೈಗುಳ ಅಂತ ಸಾಹೇಬರು ಅಂದುಕೊಂಡರು. ನನಗೆ ಹಾಗನ್ನಿಸಲಿಲ್ಲ. ನಾನು ಅದರ ವಿಡಿಯೋ ಮಾಡಿರಲಿಲ್ಲ ಅನ್ನೋದೇ ಮಜಾ.

ಆಗೋದಿಲ್ಲ ಅಂತ ಹೇಳೋದು ಕಾಕಾಗೆ ಬರುತ್ತಾ?

ಮಲಪ್ರಭೆ ಸಾಲಿನ ಅಕ್ಕ:

ಇಷ್ಟು ಹೊತ್ತು ಓದಿದೆ. ಎಲ್ಲರೂ ಕಾಕಾನ ಕಡೆಯಿಂದಲೇ ಮಾತಾಡ್ತಿದ್ದೀರಿ. ಅವರು ಏನು ಬಿಡಬೇಕು, ಏನು ಹೇಳಬೇಕು, ಏನು ಗಳಿಸಬೇಕು. ಪಟ್ಟಿಯಲ್ಲಿ ಸಿ ಆದವರ ಕಡೆಯಿಂದ ನಾನು ಹೇಳ್ತೀನಿ, ಯಾಕಂದ್ರೆ ನಾನು ಸಿ.

ರಾಮದುರ್ಗ ತಾಲೂಕು. 2019ರಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ನಾವು ಮೈಮೇಲಿನ ಬಟ್ಟೆಯಲ್ಲಿ ಎದ್ದು ಓಡಿದೆವು. ತಿರುಗಿ ಬಂದಾಗ ಪಡಸಾಲೆಯಲ್ಲಿ ಮೊಣಕಾಲು ಮಟ್ಟ ರಾಡಿ, ಜೋಳದ ಚೀಲ ಕೊಳೆತು ನಾರುತ್ತಿತ್ತು, ಮಗಳ ಪುಸ್ತಕ ಮುದ್ದೆಯಾಗಿತ್ತು. ಗೋಡೆ ಮಾತ್ರ ನಿಂತಿತ್ತು. ಅಧಿಕಾರಿಗಳು ಬಂದರು, ಟೇಪು ಹಿಡಿದರು, ಫೋಟೋ ತೆಗೆದರು, ಒಂದು ಮೂಲೆ ಬಿದ್ದಿದೆ ಅಂತ ಬರಕೊಂಡು ಹೋದರು. ಮಣ್ಣಿನ ಗೋಡೆ ನಿಮಗೆ ಗೊತ್ತಿದೆಯೋ ಇಲ್ಲವೋ. ನೀರಲ್ಲಿ ನಿಂತಿರುವಾಗ ಬೀಳೋದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಒಣಗುವಾಗ ಬಿರುಕು ಬಿಟ್ಟು ಒಂದೊಂದೇ ಕುಸಿಯುತ್ತದೆ. ನಮ್ಮದು ಅವರು ಬಂದು ಹೋದ ಒಂಬತ್ತನೇ ದಿನ, ರಾತ್ರಿ ಕುಸಿಯಿತು. ದೇವರು ದೊಡ್ಡವನು, ನಾವು ಹೊರಗೆ ಮಲಗಿದ್ದೆವು. ಮತ್ತೆ ಅರ್ಜಿ ಕೊಟ್ಟೆ. "ಫೋಟೋದಾಗ ಗೋಡಿ ನಿಂತೈತಲ್ಲವಾ" ಅಂದರು. ಫೋಟೋದಲ್ಲಿ ಇವತ್ತಿಗೂ ನಿಂತೇ ಇದೆ.

ನಮ್ಮ ಸದಸ್ಯರ ಮನೆಗೆ ನಾಲ್ಕು ಸಲ ಹೋದೆ. ಮೂರು ಸಲ "ಸಾಹೇಬ್ರು ಊರಾಗಿಲ್ಲ". ಚಪ್ಪಲಿ ಬಾಗಿಲಲ್ಲೇ ಇದ್ದವು. ನಾಲ್ಕನೇ ಸಲ ಸಿಕ್ಕರು, "ನನ್ನ ಕೈಯಾಗ ಏನೈತಿ, ಎಲ್ಲಾ ಮ್ಯಾಲಿನವರು" ಅಂದರು. ಅದು ನಿಜವೇ ಇರಬಹುದು. ಆದರೆ ವೋಟು ಕೇಳುವಾಗ ಎಲ್ಲಾ ನನ್ನ ಕೈಯಲ್ಲಿದೆ ಅಂದವರು ಅವರೇ ಅಲ್ವಾ? ನನಗೆ ಸಿಟ್ಟು ಬಂದದ್ದು 5 ಲಕ್ಷ ತಪ್ಪಿದ್ದಕ್ಕಲ್ಲ. ಸರಿ, ಅದಕ್ಕೂ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಚಪ್ಪಲಿ ಇವತ್ತಿಗೂ ಕಣ್ಣಮುಂದೆ ಇವೆ.

ನಮ್ಮಲ್ಲಿ 2009ರ ನೆರೆ ಆದ ಮೇಲೆ ಕಟ್ಟಿಕೊಟ್ಟ ಆಸರೆ ಮನೆಗಳು ಇದ್ದವು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ ಅಂತ ಜನ ಹೋಗಲೇ ಇಲ್ಲ, ಸುತ್ತ ಜಾಲಿ ಬೆಳೆಯಿತು. "ಕಟ್ಟಿಕೊಟ್ಟೀವಿ, ನೀವ ಹೋಗಲಿಲ್ಲ" ಅಂತ ನಮಗೇ ಬೈದರು. ಕೇಳದೆ ಕೊಟ್ಟು, ಆಮೇಲೆ ಬೈಯೋದು. ಕಣ್ಣಿನ ಶಿಬಿರವೂ ಹಾಗೇ. ನಿಮ್ಮೂರಿನ ಸಿ ಮನೆಯವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ ತಮ್ಮಾ, ಯಾರ ಮನೆ ಎ ಆಯಿತು ಅಂತ ಸ್ಪಷ್ಟವಾಗಿ ಕಂಡಿದೆ.

ಒಂದು ಕೇಳ್ತೀನಿ, ತಪ್ಪು ತಿಳೀಬೇಡ. ಪಟ್ಟಿ ಮಾಡಿದ್ದು ಅಧಿಕಾರಿಗಳು ಅಂತ ಬರೆದೆ. ನಿಮ್ಮ ಮನೆತನದವರು ಯಾರಾದರೂ ಎ ಇದ್ದಾರಾ?

ಘಟಪ್ರಭೆ ದಂಡೆ:

ಅಕ್ಕಾರ, ನಿಮ್ಮ ಪ್ರಶ್ನೆಗೆ ಎರಡು ದಿನ ಉತ್ತರ ಬರೆಯದೆ ಬಿಟ್ಟಿದ್ದೆ.

ಇದ್ದಾರೆ. ನಮ್ಮ ಕಾಕುನ, ಅಂದ್ರೆ ಕಾಕಾನ ಹೆಂಡತಿಯ ತಮ್ಮ. ಅವರ ಮನೆ ಮೇಲಿನ ಓಣಿಯಲ್ಲಿದೆ, ಅಲ್ಲಿಗೆ ನೀರು ಬರಲೇ ಇಲ್ಲ. ಹಿತ್ತಲಲ್ಲಿ ಹಳೆ ದನದ ಕೊಟ್ಟಿಗೆ ಮಳೆಗೆ ಬಿದ್ದಿತ್ತು, ಅದರ ಫೋಟೋ ಹೋಗಿದೆ. ಕಂತು ಕಂತಾಗಿ ದುಡ್ಡೂ ಬಂದಿದೆ, ಆ ಜಾಗದಲ್ಲಿ ಈಗ ಆರ್‌ಸಿಸಿ ಮನೆ ನಿಂತಿದೆ. ಬರೆಸಿದ್ದು ಕಾಕಾ ಅಂತ ನಾನು ನೋಡಿಲ್ಲ. ಆದರೆ ಆ ದಿನ ಅಧಿಕಾರಿಗಳು ಊಟ ಮಾಡಿದ್ದು ನಮ್ಮ ಮನೆಯಲ್ಲಿ, ಬಡಿಸಿದ್ದು ನಾನೇ.

ಇದನ್ನು ಮೊದಲ ಪೋಸ್ಟಿನಲ್ಲೇ ಬರೆಯಬೇಕಿತ್ತು.

ಗೋಳಗುಮ್ಮಟದ ನೆರಳು:

ಹಾಂ. ಈಗ ಬಂತು ನೋಡಿ ಲೆಕ್ಕ.

ತೇರದಾಳ ಕಬ್ಬು:

ನನ್ನದು ಒಂದೇ ಪ್ರಶ್ನೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕೆ ರೈತರು ರಸ್ತೆಯಲ್ಲಿ ಮಲಗಿದರಲ್ಲ, ಟನ್ನಿಗೆ 3,500 ಕೇಳಿ ಕೊನೆಗೆ 3,300ಕ್ಕೆ ಬಂದು ನಿಂತಿತಲ್ಲ, ಆಗ ನಿಮ್ಮ ಕಾಕಾ ಎಲ್ಲಿದ್ದರು?

ಘಟಪ್ರಭೆ ದಂಡೆ:

ಎರಡು ತಾಸು ಹೋಗಿ ಕೂತಿದ್ದರು. ಫೋಟೋ ಇದೆ. ಹಸಿರು ಟವೆಲ್ ನನ್ನದು, ಇನ್ನೂ ವಾಪಸ್ ಕೊಟ್ಟಿಲ್ಲ.

ತೇರದಾಳ ಕಬ್ಬು:

ನಾನು ರಾತ್ರಿಯೂ ಅಲ್ಲೇ ಇದ್ದೆ. ಫೋಟೋಗೆ ಬಂದವರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಅಂತ ಅಲ್ಲಿದ್ದ ಹುಡುಗರಿಗೆ ಬಾಯಿಪಾಠ ಇದೆ. ಹೋಗದೇ ಇದ್ದವರನ್ನು ಜನ ಮರೀತಾರೆ ಕಣೋ, ಎರಡು ತಾಸು ಬಂದವರನ್ನು ಮರೆಯೋದಿಲ್ಲ.

ಪಂಚಾಯಿತಿ ಕಟ್ಟೆ:

ಬೀಳಗಿ ಕಡೆಯವನು, ಪಂಚಾಯಿತಿ ಕೆಲಸ ಹತ್ತಿರದಿಂದ ನೋಡಿದ್ದೇನೆ. ಭಾವನೆ ಎಲ್ಲ ಆಯಿತು, ಕೆಲಸದ ಮಾತು ಹೇಳ್ತೀನಿ.

ಮೊದಲು ಪಟ್ಟಿ ಕೈಗೆ ತಗೊಳ್ಳಿ. ಊರಲ್ಲಿ ಎಲ್ಲರೂ ಪಟ್ಟಿ ಬಗ್ಗೆ ಮಾತಾಡ್ತಾರೆ, ಪೂರ್ತಿ ಓದಿದವರು ಒಬ್ಬರೂ ಇರೋದಿಲ್ಲ. ಪಂಚಾಯಿತಿಯಲ್ಲಿ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಕಾಕಾನ ಹೆಸರಿನಲ್ಲೇ ಇರಲಿ. ಸದಸ್ಯರಾಗಿದ್ದವರೇ ತಮ್ಮ ಕಾಲದ ಪಟ್ಟಿ ಹೊರಗೆ ತೆಗೆಸೋದು ಅಂದ್ರೆ, ನಾನು ನೋಡಿದ ಮಟ್ಟಿಗೆ ಯಾರೂ ಮಾಡಿಲ್ಲ. ಎಲ್ಲರೂ ಎದುರಾಳಿಯ ಪಟ್ಟಿ ತೆಗೆಸ್ತಾರೆ.

ಆಮೇಲೆ ಗ್ರಾಮಸಭೆ ಅಥವಾ ಜಮಾಬಂದಿ. ಜಮಾಬಂದಿ ವರ್ಷಕ್ಕೊಮ್ಮೆ ಇರುತ್ತದೆ, ಲೆಕ್ಕ ಜನರ ಮುಂದೆ ಇಡಬೇಕು ಅಂತಲೇ ಇರೋದು, ನಮ್ಮಲ್ಲಿ ಮಂಡಕ್ಕಿ ತಿಂದು ಸಹಿ ಹಾಕಿ ಎದ್ದು ಬರ್ತೀವಿ. ಕಾಕಾ ಅಲ್ಲಿ ಎದ್ದು ನಿಂತು ಮಾತಾಡಬೇಕು. ಮನೆಯಲ್ಲಿ ನಾಲ್ಕು ಮಂದಿ ಕರೆದು ಚಹಾ ಕುಡಿಸಿ ಹೇಳಿದರೆ ಅದು ರಾಜಿ ಪಂಚಾಯಿತಿ ಆಗುತ್ತದೆ.

ಕಾಕುನ ತಮ್ಮನ ದುಡ್ಡಿನ ವಿಷಯದಲ್ಲಿ ಮಾತ್ರ ಹುಷಾರು. ತಪ್ಪು ಫೋಟೋ ಕೊಟ್ಟು ಪರಿಹಾರ ತಗೊಂಡದ್ದು ಅಂದ್ರೆ ಕೇಸ್ ಆಗುವ ವಿಷಯ. ಬಾಯಿ ಬಿಡುವ ಮೊದಲು ವಕೀಲರ ಹತ್ತಿರ ಕೂತು ಮಾತಾಡಿ. ಮುಚ್ಚಿಡಿ ಅಂತ ಹೇಳ್ತಿಲ್ಲ. ದುಡ್ಡು ಸರ್ಕಾರಕ್ಕೆ ವಾಪಸ್ ಕಟ್ಟುವ ದಾರಿ ಕೇಳಿಕೊಂಡು ಹೋಗಿ ಅಂತ.

ಗೋಳಗುಮ್ಮಟದ ನೆರಳು:

ಕಟ್ಟೆಯವರೇ, ಇದು ಆತ್ಮಹತ್ಯೆ. ಕಾಕಾ ಗ್ರಾಮಸಭೆಯಲ್ಲಿ ತಪ್ಪಾಯಿತು ಅಂದ ತಕ್ಷಣ ಎದುರಿನವರು ಅದನ್ನೇ ವಿಡಿಯೋ ಮಾಡಿ ಚುನಾವಣೆ ಮುಗಿಯುವ ತನಕ ಓಡಿಸ್ತಾರೆ. ಅದರ ಬದಲು ಸ್ವಂತ ದುಡ್ಡಿನಲ್ಲಿ ಸಿ ಮನೆಯವರಿಗೆ ಸಿಮೆಂಟು, ತಗಡು ಕೊಡಿಸಲಿ. ಮಾತು ಕಡಿಮೆ, ಕೆಲಸ ಜಾಸ್ತಿ.

ಮಲಪ್ರಭೆ ಸಾಲಿನ ಅಕ್ಕ:

ಸಿಮೆಂಟು ಬೇಡ. ನಾನು ಸಾಲ ಮಾಡಿ ಗೋಡೆ ಕಟ್ಟಿಸಿದ್ದೇನೆ, ಸ್ವಸಹಾಯ ಸಂಘದ ಕಂತು ಹೋದ ವರ್ಷ ಮುಗಿಯಿತು. ಈಗ ಯಾರಾದರೂ ಸಿಮೆಂಟು ತಂದು ಇಳಿಸಿದರೆ ನನಗೆ ಭಿಕ್ಷೆ ಹಾಕಿದಂಗೆ ಆಗುತ್ತದೆ. ನನಗೆ ಬೇಕಿದ್ದದ್ದು ಪಟ್ಟಿಯಲ್ಲಿ ಸರಿಯಾದ ಅಕ್ಷರ. ಅದು ತಪ್ಪಾಗಿತ್ತು ಅಂತ ಒಬ್ಬರೂ ನನ್ನ ಮುಖ ನೋಡಿ ಹೇಳಿಲ್ಲ. ವಿಡಿಯೋ ಮಾಡ್ತಾರೆ ಅಂತ ಹೆದರೋದಾದರೆ ಗ್ರಾಮಸಭೆ ಆಮೇಲೆ ನೋಡೋಣ. ಮೊದಲು ಕೆಳಗಿನ ಓಣಿಯ ಒಂದು ಮನೆಗೆ ಒಬ್ಬರೇ ಹೋಗಲಿ. ಶಾಲು, ಹಾರ, ಹುಡುಗರು ಯಾರೂ ಬೇಡ. ಕೂತು ಬೈಸಿಕೊಳ್ಳಲಿ. ಉತ್ತರ ಕೊಡಬಾರದು.

ನಿವೃತ್ತ ಮಾಸ್ತರ:

ಈ ತಾಯಿ ಹೇಳಿದ್ದರ ಮುಂದೆ ನನ್ನ ಹೆಗಡೆ, ನಿಜಲಿಂಗಪ್ಪ ಎಲ್ಲ ಪಠ್ಯಪುಸ್ತಕ. ಒಂದೇ ಮಾತು ಸೇರಿಸ್ತೀನಿ. 1956ರಲ್ಲಿ ಅರಿಯಲೂರಿನಲ್ಲಿ ರೈಲು ಅಪಘಾತ ಆದಾಗ ರೈಲು ಓಡಿಸಿದ್ದು ಮಂತ್ರಿಯಲ್ಲ. ಆದರೂ ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು. 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು ಅವರೇ, ಇವತ್ತು ಆ ಸಾಗರಕ್ಕೆ ಅವರದೇ ಹೆಸರು. ಬಾಗಲಕೋಟೆ ಅರ್ಧ ಊರು ಅದರ ಹಿನ್ನೀರಲ್ಲಿ ಹೋಗಿ ನವನಗರ ಆಯಿತು, ಎಷ್ಟೋ ಜನ ಪರಿಹಾರಕ್ಕೆ ಅಲೆದು ಹಲ್ಲು ಉದುರಿಸಿಕೊಂಡರು. ಆದರೆ ಅವರಲ್ಲಿ ಒಬ್ಬರೂ ಶಾಸ್ತ್ರಿಯವರನ್ನು ಬೈದದ್ದು ನಾನು ಕೇಳಿಲ್ಲ. ಯಾಕೆ ಅಂತ ಬಹಳ ಸಲ ಯೋಚನೆ ಮಾಡಿದ್ದೇನೆ.

ಘಟಪ್ರಭೆ ದಂಡೆ:

ಐದು ವಾರ ಆಯಿತು. ಏನಾಯಿತು ಅಂತ ಕುಂದಾದವರು ಮೆಸೇಜ್ ಮಾಡಿ ಕೇಳಿದರು, ಎಲ್ಲರಿಗೂ ಇಲ್ಲೇ ಹೇಳಿಬಿಡ್ತೀನಿ.

ಪಟ್ಟಿ ಸಿಕ್ಕಿತು, ಅರ್ಜಿ ಹಾಕುವ ಪ್ರಸಂಗ ಬರಲಿಲ್ಲ. ರಾತ್ರಿ ಊಟ ಆದ ಮೇಲೆ ಪಡಸಾಲೆಯಲ್ಲಿ ಕೂತು ನಾನೇ ಜೋರಾಗಿ ಓದಿದೆ, ಒಂದೊಂದೇ ಹೆಸರು, ಒಂದೊಂದೇ ಅಕ್ಷರ. ಕಾಕಾ ಮೊದಲು ಫೋನ್ ನೋಡ್ತಿದ್ದರು, ಆಮೇಲೆ ಫೋನ್ ಕೆಳಗಿಟ್ಟರು. ತಮ್ಮನ ಹೆಸರು ಬಂದಾಗ ಅಡುಗೆಮನೆಯಿಂದ ಕಾಕು ಹೇಳಿದರು, "ಅದನ್ಯಾರು ಬರಿಸ್ಯಾರಂತ ಊರಿಗೆಲ್ಲಾ ಗೊತ್ತೈತಿ. ಮರತಾವ್ರು ನೀವೊಬ್ರ." ಆ ರಾತ್ರಿ ಕಾಕಾ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕು ದಿನ ಮಾತಾಡಲಿಲ್ಲ. ಕಾಕುನ ತಮ್ಮನಂತೂ ಈಗಲೂ ನನ್ನ ಜೊತೆ ಮಾತಾಡ್ತಿಲ್ಲ, ದುಡ್ಡಿನ ವಿಷಯ ವಕೀಲರ ಹತ್ತಿರ ಹೋಗಿದೆ, ಏನಾಗುತ್ತೋ ಗೊತ್ತಿಲ್ಲ.

ಐದನೇ ದಿನ ಸಂಜೆ ಕಾಕಾ ಮನೆಯಲ್ಲಿ ಹಾಕಿಕೊಳ್ಳುವ ಬನಿಯನ್ನಿನ ಮೇಲೆ ಒಂದು ಟವೆಲ್ ಹಾಕಿಕೊಂಡು ಕೆಳಗಿನ ಓಣಿಗೆ ಹೋದರು. ಅಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ಒಬ್ಬಳೇ ಇರೋದು, ಪಟ್ಟಿಯಲ್ಲಿ ಸಿ. ನಾನು ಹೋಗಿರಲಿಲ್ಲ, ಪಕ್ಕದ ಮನೆ ಹುಡುಗ ಹೇಳಿದ್ದು. ಅಜ್ಜಿ ಬಾಗಿಲಲ್ಲೇ ನಿಂತು "ಆರು ವರ್ಷ ಆತು. ಈಗ ಬಂದಿ ಅಂದ್ರ ಎಲೆಕ್ಷನ್ ಬಂತೇನು?" ಅಂದಳಂತೆ. ಕಾಕಾ ಕಟ್ಟೆ ಮೇಲೆ ಕೂತರಂತೆ. ಅರ್ಧ ತಾಸು ಬೈದಳಂತೆ, ಸತ್ತ ಎಮ್ಮೆಯಿಂದ ಶುರು ಮಾಡಿ. ಕಾಕಾ ಒಮ್ಮೆ "ನನ್ನ ಕೈಯಾಗ" ಅಂತ ಬಾಯಿ ತೆಗೆದು ಮತ್ತೆ ಮುಚ್ಚಿಕೊಂಡರಂತೆ. ತಪ್ಪಾತು ಅಂದರೋ ಇಲ್ಲವೋ, ಹುಡುಗನಿಗೆ ಕೇಳಿಸಲಿಲ್ಲ. ಚಹಾ ಕೊಡಲಿಲ್ಲ. ನಮ್ಮೂರಲ್ಲಿ ಬಾಗಿಲಿಗೆ ಬಂದವರಿಗೆ ಚಹಾ ಕೊಡದೆ ಕಳಿಸೋದು ಎಷ್ಟು ದೊಡ್ಡ ಮಾತು ಅಂತ ನಿಮಗೆ ಗೊತ್ತು.

ಆದರೆ ಏಳುವಾಗ ಒಳಗೆ ಹೋಗಿ ಪಾಸ್‌ಬುಕ್ ತಂದು ಕೈಗೆ ಕೊಟ್ಟಳಂತೆ. ಸಂಧ್ಯಾ ಸುರಕ್ಷಾ ಪಿಂಚಣಿ ನಾಲ್ಕು ತಿಂಗಳಿಂದ ಬಂದಿಲ್ಲ, ನೋಡು ಅಂತ. ಕಾಕಾ ಈಗ ಆ ಪಾಸ್‌ಬುಕ್ ನನ್ನ ಮುಂದೆ ಇಟ್ಟು ಕೂತಿದ್ದಾರೆ. ಆಧಾರ್ ಜೋಡಣೆ ತಪ್ಪಿದೆ ಅಂತ ಕಾಣುತ್ತದೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ, ಮೊದಲು ಬ್ಯಾಂಕಿಗೆ ಹೋಗಬೇಕಾ, ನಾಡಕಚೇರಿಗಾ?

ಪಂಚಾಯಿತಿ ಕಟ್ಟೆ:

ಮೊದಲು ಬ್ಯಾಂಕು. ಖಾತೆಗೆ ಆಧಾರ್ ಜೋಡಣೆ ಸರಿ ಇದೆಯಾ ಅಂತ ಅಲ್ಲೇ ನೋಡಿ ಹೇಳ್ತಾರೆ. ಸರಿ ಇದ್ದರೆ ಪಾಸ್‌ಬುಕ್ ಮತ್ತು ಆಧಾರ್ ಜೆರಾಕ್ಸ್ ತಗೊಂಡು ನಾಡಕಚೇರಿ. ಬೆಳಿಗ್ಗೆ ಬೇಗ ಹೋಗಿ, ಸಾಲು ಉದ್ದ ಇರುತ್ತದೆ.

ಮಲಪ್ರಭೆ ಸಾಲಿನ ಅಕ್ಕ:

ನೀನು ಹೋಗಬೇಡ. ಕಾಕಾನ್ನೇ ಸಾಲಿನಲ್ಲಿ ನಿಲ್ಲಿಸು.